ಗಾರ್ಡ್ ಕೈಲಿ ಬಂದ ನನ್ನ ಟಿಕೆಟ್ಟು

ಮೊನ್ನೆ ಸೋಮವಾರ ನಾನು ಟಿಕೆಟ್ ಇಲ್ಲದೆ ರೈಲು ಹತ್ತಿದೆ. ಟಿಕೆಟ್ ಕೊಡುವವರೇ ಟಿಕೆಟ್ ಹಿಡಿದುಕೊಂಡು ನನ್ನ ಹಿಂದೆ ಓಡಿ ಬಂದರು. ನಾನು ಕೈಗೆ ಸಿಗಲಿಲ್ಲ. ರೈಲು ಕಂಡುಹಿಡಿದ ದಿನದಿಂದ ಇಂಥದ್ದು ನಡೆದಿರಲಿಕ್ಕಿಲ್ಲ.

ಯಾಕೆ ಓಡಿದೆ ಅಂತೀರಾ? ಕಾಸಿರಲಿಲ್ಲ ಅಂತಲ್ಲ. ಹೊಟ್ಟೆಕಿಚ್ಚು. ಅಪ್ಪಟ, ಕಲಬೆರಕೆ ಇಲ್ಲದ ಹೊಟ್ಟೆಕಿಚ್ಚು.

ಈ ಅಂಕಣದ ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಮ್ಮ ಮನೆ ವಿದ್ಯಾರಣ್ಯಪುರಂ. ಕಾಲೇಜು ನಂಜನಗೂಡು. (ಮೈಸೂರಲ್ಲೇ ಯಾಕೆ ಸೀಟು ಸಿಗಲಿಲ್ಲ ಎಂಬುದು ನನಗೂ ನನ್ನ ಮಾರ್ಕ್ಸ್ ಕಾರ್ಡಿಗೂ ಸಂಬಂಧಪಟ್ಟ ವಿಷಯ.) ದಿನಾ ಬೆಳಿಗ್ಗೆ ಮನೆ ಹತ್ತಿರದ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೇನೆ. ಹೆಸರು ಹೇಳಲ್ಲ. ಹೆಸರಿನ ಬೋರ್ಡೇ ಸ್ಟೇಷನ್ನಿಗಿಂತ ಉದ್ದ ಇದೆ.

ಅಲ್ಲಿರುವುದು ಒಂದೇ ಕಿಂಡಿ. ಅದರ ಹಿಂದೆ ಒಬ್ಬರೇ ಮಹದೇವಪ್ಪನವರು. ಟಿಕೆಟ್ ಕೊಡುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ, ಹಸಿರು ಬಾವುಟ ತೋರಿಸುವವರೂ ಅವರೇ. ರೈಲು ಹಿಂದಿನ ಸ್ಟೇಷನ್ ಬಿಟ್ಟಿತು ಅಂತ ಫೋನ್ ಬಂದ ಮೇಲೇ ಕಿಂಡಿ ತೆಗೆಯುತ್ತಾರೆ. ರೈಲಿನ ಮೂತಿ ಕಂಡ ತಕ್ಷಣ ಬಾವುಟ ಹಿಡಿದು ಆಚೆ ಬರಬೇಕಲ್ಲ, ಮುಚ್ಚಿಬಿಡುತ್ತಾರೆ. ಇಷ್ಟರ ಮಧ್ಯೆ ಸಿಕ್ಕಿದವರಿಗೆ ಟಿಕೆಟ್. ಅದರಲ್ಲೂ "ಮಗಳಿಗೆ ಗಂಡು ಗೊತ್ತಾಯ್ತಾ?", "ಮಂಡಿನೋವು ಎಂಗೈತೆ?" ಎಂದು ವಿಚಾರಿಸದೆ ಅವರು ಯಾರ ಟಿಕೆಟ್ಟಿಗೂ ತಾರೀಖು ಒತ್ತಿದವರಲ್ಲ. ಆ ಕ್ಯೂನಲ್ಲಿ ನಿಂತು ನಿಂತೇ ನನಗೆ ಮೀಸೆ ಬಂದಿದ್ದು.

ಹೋದ ವಾರ ಶ್ರೀರಾಂಪುರದ ಮೇಷ್ಟ್ರೊಬ್ಬರು ಮುಚ್ಚಿದ ಕಿಂಡಿಯನ್ನು ಬಡಿದರು. "ರೀ, ಟಿಕೆಟ್ ಇಲ್ದೆ ಹೆಂಗ್ರೀ ಹೋಗೋದು?"

"ಹತ್ಬುಡಿ ಸಾ. ಯಾರಾದ್ರೂ ಕೇಳಿದ್ರೆ ಮಹದೇವಪ್ಪ ಹತ್ತು ಅಂದ ಅನ್ನಿ."

ಮೇಷ್ಟ್ರು ಇಡೀ ದಾರಿ ಬೆವರು ಒರೆಸಿಕೊಂಡರು. ಕೊಳ್ಳಲು ಬಂದವರನ್ನೇ ಕಳ್ಳರನ್ನಾಗಿ ಮಾಡುವ ಇಂಥ ಕಿಂಡಿ ಬೇರೆ ಎಲ್ಲಾದರೂ ಇದೆಯಾ?

ಆದರೆ ನಮ್ಮ ಬೀದಿಯ ನಟರಾಜನ ದಾರಿಯೇ ಬೇರೆ. ನನ್ನದೇ ಕ್ಲಾಸು. ಕಿಂಡಿಯ ಕಡೆ ತಲೆ ಹಾಕಿಯೂ ಮಲಗಲ್ಲ. "ಟಿಕೆಟ್ಟಾ? ನಮ್ಮ ವಂಶದಲ್ಲೇ ಯಾರೂ ತಗಂಡಿಲ್ಲ ಕಣೋ" ಅನ್ನುತ್ತಾನೆ. ಟಿಟಿ ಬಂದಾಗ ಹೇಗೆ ಮೂಗನಂತೆ ನಟಿಸಿದ, ಹೇಗೆ ಸೌತೆಕಾಯಿ ಬುಟ್ಟಿಯ ಹಿಂದೆ ಕೂತ, ಹೇಗೆ ಓಡುವ ರೈಲಿನಲ್ಲಿ ಬೋಗಿಯಿಂದ ಬೋಗಿಗೆ ಹಾರಿದ. ದಿನಕ್ಕೊಂದು ಕಥೆ.

ಅದೇ ರೈಲಿಗೆ ಗೆಳತಿಯರ ಜೊತೆ ಬರುವ ನಮ್ಮ ಕಾಲೇಜಿನ ಶೈಲಜಾ ಕಣ್ಣರಳಿಸಿ ಕೇಳುತ್ತಾಳೆ. ಕೇಳಿದ ಮೇಲೆ ಡಬ್ಬಿ ತೆಗೆದು, "ಪಾಪ, ಅವನಿಗೆ ಎಷ್ಟು ಟೆನ್ಷನ್ನೋ" ಎಂದು ಕೋಡುಬಳೆ ಕೊಡುತ್ತಾಳೆ. ಕಿಟಕಿ ಪಕ್ಕದ ಜಾಗವೂ ಅವನಿಗೇ. ಜೇಬಲ್ಲಿ ಟಿಕೆಟ್ ಇಟ್ಟುಕೊಂಡ ನನಗೆ? ಕೋಡುಬಳೆ ಮುರಿಯುವ ಸದ್ದು. ಅಷ್ಟೇ.

ನೀವೇ ಹೇಳಿ, ಹೊಟ್ಟೆ ಉರಿಯಲ್ವಾ?

ಅದಕ್ಕೇ ಸೋಮವಾರ ತೀರ್ಮಾನ ಮಾಡಿದೆ. ಟಿಕೆಟ್ ಕೊಳ್ಳಲ್ಲ. ಕೋಡುಬಳೆ ತಿಂದೇ ತಿನ್ನುತ್ತೇನೆ.

ಒಂದು ವಿಷಯ ಮರೆತಿದ್ದೆ. ದಿನಾ ಬರುವವರ ಟಿಕೆಟ್ಟಿಗೆ ಮಹದೇವಪ್ಪನವರು ಮೊದಲೇ ತಾರೀಖು ಒತ್ತಿ ತೆಗೆದಿಟ್ಟಿರುತ್ತಾರೆ. ನಾನು ಬೇವಿನ ಮರದ ಹಿಂದೆ ಅವಿತು ನಿಂತಿದ್ದೆ. ಕಿಂಡಿಯಿಂದ ಕೂಗು ಬಂತು.

"ಗುಂಡ, ಬಾರ್ಲಾ. ನಿಂದು ರೆಡಿ ಅದೆ."

(ಗುಂಡ ಅನ್ನುವುದು ಮನೆಯಲ್ಲಿ ಮಾತ್ರ ಕರೆಯುವ ಹೆಸರು. ಅವರಿಗೆ ಹೇಳಿದ್ದು ನಮ್ಮಜ್ಜಿ.)

ನಾನು ಮರವೇ ಆಗಿಬಿಟ್ಟೆ. ರೈಲು ಬಂತು. ಕಿಂಡಿ ಮುಚ್ಚಿತು. ಗೆದ್ದೆ ಅಂದುಕೊಂಡು ಓಡಿದರೆ, ಒಂದು ಕೈಲಿ ಹಸಿರು ಬಾವುಟ, ಇನ್ನೊಂದರಲ್ಲಿ ನನ್ನ ಟಿಕೆಟ್ ಹಿಡಿದು ಅವರೂ ಪ್ಲಾಟ್‌ಫಾರಂ ಮೇಲೆ ಓಡಿ ಬರುತ್ತಿದ್ದಾರೆ. "ಲೇ, ಕಾಸು ನಾಳೆ ಕೊಡುವಂತೆ, ಈಸ್ಕೊಳ್ಳಲಾ." ಬಾವುಟ ಅಲ್ಲಾಡಿದ್ದು ನೋಡಿ ರೈಲೂ ಹೊರಟೇಬಿಟ್ಟಿತು. ನಾನು ಹಾರಿ ಹತ್ತಿದೆ.

ಏದುಸಿರು ಬಿಡುತ್ತಾ ಶೈಲಜಾ ಎದುರು, ನಟರಾಜನ ಪಕ್ಕ ಕೂತೆ. "ನಂದೂ ಇವತ್ತು ಇಲ್ಲ" ಅಂದೆ.

"ಏನಿಲ್ಲ?"

"ಟಿಕೆಟ್ಟು."

ಅವಳ ಹುಬ್ಬು ಮೇಲೆ ಹೋಯಿತು. ಕೈ ಡಬ್ಬಿಯ ಕಡೆ ಹೋಯಿತು. ಮುಚ್ಚಳ ತೆಗೆದಳು. ಕೋಡುಬಳೆಯ ಇಂಗಿನ ವಾಸನೆ ನನ್ನ ಮೂಗಿಗೆ ಬಡಿದ ಕ್ಷಣಕ್ಕೆ ಸರಿಯಾಗಿ ಟಿಟಿ ಬಂದರು.

ಎಲ್ಲರೂ ನಟರಾಜನನ್ನೇ ನೋಡಿದರು. ಅವನು ಗಾಬರಿಯಾಗಲಿಲ್ಲ. ಮುಷ್ಟಿ ಮುಂದೆ ಮಾಡಿ ಒಂದು ಚೂರು ಬಿಡಿಸಿದ. ಟಿಟಿ ನೋಡಿದರು, ತಲೆಯಾಡಿಸಿದರು. ಹುಡುಗಿಯರಿಗೆ ಕಂಡಿದ್ದು ಇಷ್ಟು. ಪಕ್ಕದಲ್ಲಿದ್ದ ನನಗೆ ಕಂಡಿದ್ದು ಬೇರೆ. ಪ್ಲಾಸ್ಟಿಕ್ ಕವರಿನೊಳಗೆ ಅವನ ಫೋಟೋ ಸಮೇತ ಸೀಸನ್ ಪಾಸು. ಫೋಟೋದಲ್ಲಿ ವಿಭೂತಿ ಬೇರೆ ಹಚ್ಚಿಕೊಂಡಿದ್ದ.

"ನಿಂದು?" ಟಿಟಿ ನನ್ನ ಕಡೆ ತಿರುಗಿದರು.

ನಾನು ಸೌತೆಕಾಯಿ ಬುಟ್ಟಿ ಎಲ್ಲಾದರೂ ಇದೆಯಾ ಅಂತ ಸುತ್ತ ನೋಡಿದೆ. ಅಷ್ಟರಲ್ಲಿ ಮುಂದಿನ ಸ್ಟೇಷನ್ ಬಂತು. ಕಿಟಕಿಯ ಹೊರಗೆ ಬಿಳಿ ಪ್ಯಾಂಟಿನ ಗಾರ್ಡ್ ಬೋಗಿ ಬೋಗಿಗೂ ಕೇಳಿಕೊಂಡು ಬರುತ್ತಿದ್ದರು.

"ಇಲ್ಲಿ ಗುಂಡ ಯಾರಪ್ಪ? ವಿದ್ಯಾರಣ್ಯಪುರದ ಗುಂಡ. ಟಿಕೆಟ್ ಬಿಟ್‌ಬಂದಿದೀಯಂತೆ. ಮಹದೇವಪ್ಪ ಕೊಟ್ಟವ್ರೆ."

ಬೇಬಿ ಕ್ಲಾಸಿನ ಮಗುವಿಗೆ ಊಟದ ಡಬ್ಬಿ ತಲುಪಿಸುವ ಹಾಗೆ ಟಿಕೆಟ್ಟನ್ನು ನನ್ನ ಕೈಗಿಟ್ಟರು. ಇಡೀ ಬೋಗಿ ನಕ್ಕಿತು. ಟಿಟಿ ಕೂಡ.

"ಗುಂಡನಾ?" ಅಂದಳು ಶೈಲಜಾ. ಆಮೇಲೆ ನಟರಾಜನನ್ನು ತೋರಿಸಿ, "ನೋಡಿದ್ರೇನೇ, ಇವನನ್ನ ಟಿಟಿನೂ ಏನೂ ಮಾಡಕ್ಕಾಗಲ್ಲ" ಎಂದು ಗೆಳತಿಯರಿಗೆ ಹೇಳಿ ಅವನಿಗೆ ಎರಡು ಕೋಡುಬಳೆ ಕೊಟ್ಟಳು.

ನಂಜನಗೂಡಲ್ಲಿ ಇಳಿಯುವಾಗ ನಟರಾಜ ನನ್ನ ಭುಜ ಹಿಡಿದ. "ಅಪ್ಪ ಪಾಸ್ ಮಾಡಿಸ್ಬುಟ್ಟವ್ರೆ ಕಣೋ. ಯಾರ್ಗೂ ಹೇಳ್ಬೇಡ, ಮರ್ಯಾದೆ ಪ್ರಶ್ನೆ."

ನೋಡಿ ಕಾಲ. ಟಿಕೆಟ್ ಇಲ್ಲದಿದ್ದರೆ ಮರ್ಯಾದೆ ಹೋಗುತ್ತಿತ್ತು ನಮ್ಮಜ್ಜಿ ಕಾಲದಲ್ಲಿ. ಈಗ ಇದ್ದರೆ ಹೋಗುತ್ತಂತೆ. ಇಷ್ಟು ದಿನ ಅವನ ಧೈರ್ಯ ನೋಡಿ ಉರಿಯುತ್ತಿತ್ತು. ಈಗ ಅವನ ತಲೆ ನೋಡಿ ಉರಿಯುತ್ತಿದೆ. ಜೇಬಲ್ಲಿ ಟಿಕೆಟ್ ಇಟ್ಟುಕೊಂಡೇ ಕಳ್ಳ ಅನ್ನಿಸಿಕೊಳ್ಳುವ ಐಡಿಯಾ ನನಗ್ಯಾಕೆ ಹೊಳೆಯಲಿಲ್ಲ?

ಶೈಲಜಾಗೆ ನಾನೇನೂ ಹೇಳಿಲ್ಲ. ಚಾಡಿ ಹೇಳುವ ಬುದ್ಧಿ ನನ್ನದಲ್ಲ.

ಅಂದಹಾಗೆ, ಅವಳ ಮನೆಗೆ ತರಿಸುವುದು ಇದೇ ಪತ್ರಿಕೆ ಅಲ್ವಾ?