ಹಬ್ಬದ ದಿನ ಅತ್ತೆ ಹಿಟ್ಟು ಬೀಸಿದ್ದು

ನಮ್ಮ ಮನೆಯ ನಾಯಿಯನ್ನು ಪಟಾಕಿಯ ಭಯದಿಂದ ಪಾರುಮಾಡಿದವನು ನಾನು ಎಂದು ಬಹಳ ವರ್ಷ ಹೇಳಿಕೊಂಡು ಬಂದೆ. ಸ್ನೇಹಿತರಿಗೆ ಹೇಳಿದ್ದೇನೆ, ಹೆಂಡತಿಗೆ ಹೇಳಿದ್ದೇನೆ, ಒಮ್ಮೆ ತರಗತಿಯಲ್ಲಿ ಹುಡುಗರ ಮುಂದೆಯೂ ಹೇಳಿದ್ದೇನೆ. ಹೇಳುವಾಗ ಸುಳ್ಳು ಆಡುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಕಳೆದ ತಿಂಗಳು ಗೆದ್ದಲಿನ ಹೆದರಿಕೆಗೆ ಹಳೆಯ ಪುಸ್ತಕಗಳನ್ನು ಬಿಸಿಲಿಗೆ ಹಾಕುವಾಗ ಆ ವರ್ಷದ ದಿನಚರಿ ಕೈಗೆ ಸಿಕ್ಕಿತು. ಅಂಗಳದಲ್ಲೇ ಕೂತು ಓದಿದೆ. ನಾನು ಹೇಳುತ್ತ ಬಂದ ಕಥೆಗೂ ಅದರಲ್ಲಿರುವುದಕ್ಕೂ ಅಷ್ಟೇನೂ ಹೊಂದಿಕೆಯಿಲ್ಲ.

ಆಗ ನಾವು ಅಗ್ರಹಾರದ ಮನೆಯಲ್ಲಿದ್ದೆವು. ಅಪ್ಪ, ಅಮ್ಮ, ಇಬ್ಬರು ತಂಗಿಯರು, ಅಪ್ಪನ ಅಕ್ಕ, ನಾನು. ಅತ್ತೆ ಹದಿನಾಲ್ಕನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಡುಗೆಮನೆ ಪೂರ್ತಿ ಅವರದು. ಮಡಿಯ ವಿಷಯದಲ್ಲಿ ಅಪ್ಪನೂ ಅವರ ಎದುರು ತುಟಿ ಬಿಚ್ಚುತ್ತಿರಲಿಲ್ಲ.

ನಾಯಿ ಹಾಲಿನವನ ಹಸುವಿನ ಹಿಂದೆ ಬಂದು ನಮ್ಮ ಜಗಲಿಯಲ್ಲಿ ಉಳಿದುಕೊಂಡದ್ದು. ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ಮುಂದೆ ಜಗಲಿ, ಹಿಂದೆ ಬಟ್ಟೆ ಒಗೆಯುವ ಕಲ್ಲು, ಇಷ್ಟು ಅದರ ಎಲ್ಲೆ. ಹೊಸ್ತಿಲು ದಾಟುವ ಹಾಗಿಲ್ಲ. ಅತ್ತೆ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ನಿಂತು ಅನ್ನದ ಉಂಡೆಯನ್ನು ಮೇಲಿನಿಂದ ಹಾಕುತ್ತಿದ್ದರು. ನಾಯಿಯನ್ನು ಅವರು ಮುಟ್ಟಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಅದು ಮಾತ್ರ ಅವರ ಹೆಜ್ಜೆಯ ಸದ್ದಿಗೇ ಎದ್ದು ನಿಲ್ಲುತ್ತಿತ್ತು.

ದಿನಚರಿಯ ಹಿಂದಿನ ವರ್ಷ ನರಕಚತುರ್ದಶಿಯ ಬೆಳಗಿನ ಜಾವ ಎದುರುಮನೆಯವರು ಓಲೆಪಟಾಕಿಯ ಸರ ಹಚ್ಚಿದಾಗ ನಾಯಿ ಹಗ್ಗ ಕಿತ್ತುಕೊಂಡು ಓಡಿತು. ನಾಲ್ಕನೆಯ ದಿನ ದೊಡ್ಡಕೆರೆಯ ಆಚೆ ಸಿಕ್ಕಿತು. ಅಂಗಾಲು ಹರಿದು ರಕ್ತ ಸೋರುತ್ತಿತ್ತು. ಕಟ್ಟಲು ಹೋದ ಅಪ್ಪನ ಕೈಯನ್ನೇ ಕಚ್ಚಿತು. ಅಪ್ಪ ಕೂಗಾಡಲಿಲ್ಲ. ಕೈಗೆ ಅರಿಸಿನ ಹಚ್ಚಿಸಿಕೊಳ್ಳುತ್ತ, ಬರುವ ವರ್ಷವೂ ಹೀಗೇ ಆದರೆ ಬೀದಿಯ ಮನೆಗಳಿಗೆ ಹುಲ್ಲು ತರುವ ಗಾಡಿಯವನ ಜೊತೆ ಅವನ ಹಳ್ಳಿಗೆ ಕಳಿಸಿಬಿಡುವುದು ಎಂದರು. ಅಪ್ಪ ಮೆಲ್ಲಗೆ ಹೇಳಿದ ಮಾತನ್ನು ಬದಲಿಸುತ್ತಿರಲಿಲ್ಲ. ಆ ಹಳ್ಳಿ ಕಾಡಿನ ಅಂಚಿನಲ್ಲಿತ್ತು. ಕಣ ಕಾಯಲು ಕಟ್ಟಿದ ನಾಯಿಗಳನ್ನು ಚಿರತೆ ಎತ್ತಿಕೊಂಡು ಹೋಗುತ್ತದೆಂದು ಗಾಡಿಯವನೇ ಹೇಳಿದ್ದುಂಟು.

ನಾನು ಬಿ.ಎ. ಓದುತ್ತಿದ್ದೆ. ಅಭ್ಯಾಸದಿಂದ ಪ್ರಾಣಿಗಳ ಸ್ವಭಾವವನ್ನು ತಿದ್ದಬಹುದೆಂದು ಎಲ್ಲೋ ಓದಿದ್ದೆ. ಅದಕ್ಕೆ ಸಾಕ್ಷಿ ಊರಿನಲ್ಲೇ ಇತ್ತು. ದಸರೆಗೆ ಮುಂಚೆ ಕುಶಾಲುತೋಪಿನ ತಾಲೀಮು ನಡೆಯುತ್ತದೆ. ಮೆರವಣಿಗೆಯ ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ತೋಪು ಹಾರಿಸುತ್ತಾರೆ. ಮೊದಲ ದಿನ ಬೆದರಿದ ಪ್ರಾಣಿ ಕೊನೆಯ ದಿನ ಕಿವಿ ಮಾತ್ರ ಅಲ್ಲಾಡಿಸುತ್ತದೆ. ಚಿಕ್ಕಂದಿನಿಂದ ನೋಡಿದ ನೋಟ ಅದು. ಅಷ್ಟು ದೊಡ್ಡ ಆನೆ ಕಲಿಯುವುದಾದರೆ ನಾಯಿ ಏಕೆ ಕಲಿಯಬಾರದು?

ಮನೆಯಲ್ಲಿ ಹೇಳದೆ ನಾಯಿಯನ್ನು ಹಗ್ಗದಲ್ಲಿ ಹಿಡಿದು ಮೈದಾನಕ್ಕೆ ಹೋದೆ. ಕುದುರೆಗಳಿಗಿಂತ ಸ್ವಲ್ಪ ಹಿಂದೆ, ಮರದ ಕೆಳಗೆ ನಿಂತೆ. ಜೇಬಿನಲ್ಲಿ ಕೊಬ್ಬರಿ ಚೂರು ಇತ್ತು. ಕೊಡುವುದಕ್ಕೆ ಹೊತ್ತೇ ಸಿಗಲಿಲ್ಲ. ಮೊದಲ ತೋಪು ಹಾರಿದಾಗ ನಾಯಿ ನೆಲಕ್ಕೆ ಅಂಟಿಕೊಂಡಿತು. ಎರಡನೆಯದಕ್ಕೆ ಹಗ್ಗ ನನ್ನ ಕೈಯಲ್ಲಿರಲಿಲ್ಲ. ಅದು ನೇರವಾಗಿ ಕುದುರೆಗಳ ಕಾಲಿನ ನಡುವೆ ನುಗ್ಗಿತು. ಒಂದು ಕುದುರೆ ಮುಂಗಾಲು ಎತ್ತಿ ನಿಂತಿತು. ಜನ ಬೈದರು. ಯಾರು ಏನು ಬೈದರೆಂದು ದಿನಚರಿಯಲ್ಲಿಲ್ಲ. ಬರೆಯಲು ನಾಚಿಕೆಯಾಗಿರಬೇಕು.

ನಾಯಿಯನ್ನು ಹಿಡಿದವರು ಲಾಯದಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದ ಒಬ್ಬ ವಯಸ್ಸಾದವರು. ಇಗರ್ಜಿಯ ಹಿಂದಿನ ಬೀದಿಯ ಕ್ರೈಸ್ತರು. ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಶಿಲುಬೆ ಇತ್ತು ಎಂದು ನನ್ನ ನೆನಪು. ದಿನಚರಿಯಲ್ಲಿ ಶಿಲುಬೆಯ ಮಾತಿಲ್ಲ. ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಇನ್ನೊಂದು ಕಂಡೆ. ದಿನಚರಿಯಲ್ಲಿ ಅವರನ್ನು ‘ಲಾಯದವನು’, ‘ಅವನು’ ಎಂದೇ ಬರೆದಿದ್ದೇನೆ. ಈಗ ಹಾಗೆ ಬರೆಯಲು ಕೈ ಬರುವುದಿಲ್ಲ.

ಅವರು ಹೆಗಲ ಕಂಬಳಿಯನ್ನು ನಾಯಿಯ ತಲೆಯ ಮೇಲೆ ಹಾಕಿ, ಇಡಿಯಾಗಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡರು. ತಾಲೀಮಿನ ಸದ್ದು ಕೇಳದಷ್ಟು ದೂರ ಬಂದ ಮೇಲೆ ಏನು ಮಾಡಲು ಬಂದಿದ್ದೆ ಎಂದು ಕೇಳಿದರು. ಹೇಳಿದೆ. ಪುಸ್ತಕದ ಮಾತನ್ನೂ ಹೇಳಿದೆ.

“ಕುದ್ರೆ ನಾಳೆ ತೋಪಿನ್ ಮುಂದೇನೇ ನಿಲ್ಬೇಕು ಸ್ವಾಮಿ, ಅದುಕ್ಕೆ ಕಲುಸ್ತೀವಿ,” ಎಂದರು. “ನಿಮ್ ನಾಯಿ ಯಾವ್ ಮೆರವಣಿಗೇಲಿ ಓಗ್ಬೇಕು?”

ದಾರಿಯುದ್ದಕ್ಕೂ ಅವರು ಹೇಳುತ್ತ ಬಂದರು. ಕುದುರೆಯನ್ನೂ ಮೊದಲ ದಿನವೇ ತೋಪಿನ ಬಳಿ ತರುವುದಿಲ್ಲವಂತೆ. ತಿಂಗಳುಗಟ್ಟಲೆ ಮೊದಲೇ, ಅದು ಹುರುಳಿ ತಿನ್ನುವ ಹೊತ್ತಿಗೆ ದೂರದಲ್ಲಿ ಡಬ್ಬ ಬಡಿಯುತ್ತಾರಂತೆ. ತಿನ್ನುವುದನ್ನು ನಿಲ್ಲಿಸಿದರೆ ಬಡಿಯುವವನು ಇನ್ನೂ ದೂರ ಹೋಗಬೇಕು. ನಾನು ನೋಡಿದ್ದು ಕೊನೆಯ ಪಾಠವನ್ನು ಮಾತ್ರ, ಮೊದಲಿನದೆಲ್ಲ ಲಾಯದೊಳಗೆ ಮುಗಿದಿರುತ್ತದೆ ಎಂದರು. ಹಾಗೆ ಮಾಡಿಯೂ ಕಲಿಯದ ಕುದುರೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ.

“ಆಗ್ನಿಲ್ಲ ಅಂದ್ರೆ ಅವತ್ತು ಲಾಯದಲ್ಲೇ ಬುಟ್ಬುಡ್ತೀವಿ. ಒಬ್ರು ಪಕ್ಕದಲ್ಲಿರ್ತೀವಿ. ಅದುಕ್ಕೇನು ಅವಮಾನ ಇಲ್ಲ ಸ್ವಾಮಿ.”

ನಮ್ಮ ಬೀದಿಯ ತಿರುವಿನವರೆಗೆ ಬಂದು ನಾಯಿಯನ್ನು ನನ್ನ ಕೈಗೆ ಕೊಟ್ಟರು. ಕಂಬಳಿ ಒದ್ದೆಯಾಗಿತ್ತು. ಒಗೆಸಿ ಕೊಡುತ್ತೇನೆಂದರೆ ಬೇಡವೆಂದರು.

ಮುಂದಿನ ಎರಡು ದಿನ ನಾಯಿ ಅನ್ನ ಮುಟ್ಟಲಿಲ್ಲ. ಬಾವಿಗೆ ಬಿಂದಿಗೆ ಬಡಿದ ಸದ್ದಿಗೂ ನಡುಗುತ್ತಿತ್ತು. ದೀಪಾವಳಿಗೆ ತಿಂಗಳಿನ ಮೇಲೆ ಕೆಲವು ದಿನ ಉಳಿದಿದ್ದವು. ನಾನು ಮಾಡಿದ ಉಪಕಾರ ಇಷ್ಟು. ಅತ್ತೆಯ ಹತ್ತಿರ ಎಲ್ಲ ಒಪ್ಪಿಕೊಂಡೆ. ಅವರು ತರಕಾರಿ ಹೆಚ್ಚುತ್ತಲೇ ಕೇಳಿದರು. ಬಯ್ಯಲಿಲ್ಲ. ಲಾಯದವರು ಹೇಳಿದ್ದನ್ನು ಮಾತ್ರ ಎರಡು ಸಲ ಹೇಳಿಸಿದರು.

ನಮ್ಮ ಮನೆಯಲ್ಲಿ ಬೀದಿಯ ಸದ್ದು ಅತಿ ಕಡಿಮೆ ಕೇಳುತ್ತಿದ್ದದ್ದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಕಿಟಕಿಯಿಲ್ಲ, ಗೋಡೆ ಮೊಳದಪ್ಪ. ಅಕ್ಕಿ, ಬೇಳೆ, ಬೀಸುವ ಕಲ್ಲು ಇರುವ ಜಾಗ. ಅಲ್ಲಿಗೆ ನಾವು ಮಕ್ಕಳು ಹೋಗಬೇಕಾದರೂ ಕಾಲು ತೊಳೆದಿರಬೇಕಿತ್ತು. ಆ ದಿನ ಮಧ್ಯಾಹ್ನ ಅತ್ತೆ ಅನ್ನದ ಉಂಡೆಯನ್ನು ಹಿತ್ತಲಿನಲ್ಲಿ ಹಾಕದೆ, ಹೊಸ್ತಿಲಿನ ಒಳಗಡೆ ಇಟ್ಟು, “ಬಾ ಮರಿ,” ಎಂದರು. ನಾಯಿ ಹೊರಗೇ ನಿಂತಿತು. ಅದಕ್ಕೂ ಎಲ್ಲೆ ಗೊತ್ತಿತ್ತು. ನಾನು ಗಾಬರಿಯಾಗಿ ಮಡಿಯ ಗತಿ ಏನೆಂದು ಕೇಳಿದೆ.

“ಮಡಿ ಹೋದ್ರೆ ಸ್ನಾನ ಮಾಡಿದ್ರೆ ಬರತ್ತೆ ಕಣೋ. ನಾಯಿ ಹೋದ್ರೆ ಬರತ್ಯೇ?”

ಈ ಮಾತು ದಿನಚರಿಯಲ್ಲಿ ಹೀಗೇ ಇದೆ. ನನ್ನ ಕಥೆಯಲ್ಲಿ ಮಾತ್ರ ಎಂದೂ ಇರಲಿಲ್ಲ.

ದಿನಕ್ಕೆ ಒಂದೊಂದು ಮೊಳದಂತೆ ಉಂಡೆ ಒಳಗೆ ಸರಿಯಿತು. ಅಪ್ಪ ಕಚೇರಿಗೆ ಹೋದ ಮೇಲೆ ಇದೆಲ್ಲ ನಡೆಯುತ್ತಿತ್ತು. ಅಮ್ಮ ಕಂಡೂ ಕಾಣದಂತೆ ಇದ್ದರು. ನಾಯಿ ಹೊರಗೆ ಹೋದ ಮೇಲೆ ಅತ್ತೆ ನೆಲ ಸಾರಿಸಿ, ಬಾವಿಯಿಂದ ನೀರು ಸೇದಿಕೊಂಡು ಎರಡನೆಯ ಸಲ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಅಡುಗೆಮನೆಗೆ ಹೋಗುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ದಿನ, ಆಶ್ವಯುಜದ ಚಳಿಗಾಳಿಯಲ್ಲಿ. ನಾನು ಒಂದು ದಿನವಾದರೂ ನೀರು ಸೇದಿಕೊಟ್ಟೆನೇ? ಕೊಟ್ಟಿದ್ದರೆ ಖಂಡಿತ ಬರೆದಿಟ್ಟಿರುತ್ತಿದ್ದೆ. ನನ್ನ ಕೈಯಿಂದ ಅವರ ಮಡಿ ನೀರು ನಡೆಯುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಕೇಳಿ ನೋಡಬಹುದಿತ್ತು.

ಬೀಸುವ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಅದರ ಗುಡುಗುಡು ಸದ್ದಿನಲ್ಲಿ ಪಟಾಕಿಯ ಸದ್ದು ಮುಚ್ಚಿಹೋಗುತ್ತದೆ ಎಂಬ ಯೋಚನೆ ನನ್ನದೆಂದು ನಾನು ಹೇಳುತ್ತಿದ್ದದ್ದು. ದಿನಚರಿಯಲ್ಲಿ ಒಂದು ಗುರುವಾರ ಹೀಗಿದೆ: ‘ಅತ್ತೆ ಬೀಸುತ್ತಿದ್ದರು. ನಾಯಿ ಪಕ್ಕದಲ್ಲಿ ಮಲಗಿ ತಿನ್ನುತ್ತಿತ್ತು. ಬೀದಿಯಲ್ಲಿ ಹುಡುಗರು ಎರಡು ಪಟಾಕಿ ಹೊಡೆದರು, ತಲೆ ಎತ್ತಲಿಲ್ಲ.’ ನನ್ನ ‘ಯೋಚನೆ’ ಮರುದಿನದ ಶುಕ್ರವಾರದ ಪುಟದಲ್ಲಿದೆ, ಅಡಿಗೆರೆ ಎಳೆದು ಬರೆದಿದ್ದೇನೆ. ಹುರುಳಿ ತಿನ್ನುವ ಕುದುರೆಯ ಮಾತನ್ನು ಕೇಳಿಸಿಕೊಂಡವನು ನಾನು. ಅದನ್ನು ಮನೆಯ ಕಲ್ಲಿಗೆ ಹೊಂದಿಸಿದವರು, ಓದು ಬರಹ ಬಾರದ ಅತ್ತೆ.

ಹಬ್ಬ ಬಂತು. ನೀರು ತುಂಬುವ ದಿನ ಸಾಯಂಕಾಲವೇ ಅಪ್ಪನ ಕಣ್ಣು ತಪ್ಪಿಸಿ ನಾಯಿಯನ್ನು ಉಗ್ರಾಣಕ್ಕೆ ಸೇರಿಸಿದೆವು. ಬೆಳಗಿನ ಜಾವ ಹಂಡೆಯ ನೀರು ಕಾಯುತ್ತಿತ್ತು, ನಮಗೆಲ್ಲ ಎಣ್ಣೆ ಒತ್ತಿ ಆರತಿ ಮಾಡುವ ಸಡಗರ. ಅಂಥ ಹೊತ್ತಿನಲ್ಲಿ ಅತ್ತೆ ಎದುರಿಗೆ ಬರುವ ಪದ್ಧತಿ ಇರಲಿಲ್ಲ. ಅವರು ಒಳಗೆ ಕದ ಹಾಕಿಕೊಂಡು ಬೀಸುತ್ತಿದ್ದರು. ಅಪ್ಪ ತಲೆಗೆ ಎಣ್ಣೆ ಹಚ್ಚಿಕೊಂಡು ನಿಂತಲ್ಲಿಂದಲೇ, ಹಬ್ಬದ ಬೆಳಗ್ಗೆ ಹಿಟ್ಟು ಬೀಸುವುದೇನು ಅಕ್ಕಯ್ಯ ಎಂದು ಕೇಳಿದರು. ನಾಳೆಗೆ ಹಿಟ್ಟಿಲ್ಲ ಎಂದು ಒಳಗಿನಿಂದ ಉತ್ತರ ಬಂತು. ಎರಡು ಡಬ್ಬ ತುಂಬಿ ಹಿಟ್ಟಿತ್ತು. ಆ ಬೆಳಗ್ಗೆ ಅವರಿಗೆ ಮನೆಯಲ್ಲಿ ಆ ಕೋಣೆ ಬಿಟ್ಟು ಬೇರೆ ಜಾಗವಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಮೊದಲ ಎರಡು ದಿನ ಹೇಗೋ ಕಳೆದವು. ಬಲಿಪಾಡ್ಯಮಿಯ ದಿನ ದೀಪ ಹಚ್ಚುವ ಹೊತ್ತಿಗೆ ಎದುರುಮನೆಯವರು ಆನೆಪಟಾಕಿ ತಂದರು. ಅದರ ಸದ್ದಿಗೆ ಕಲ್ಲಿನ ಸದ್ದು ಸಾಲದಾಯಿತು. ನಾನು ಉಗ್ರಾಣದಲ್ಲಿದ್ದೆ. ನಾಯಿ ಎದ್ದು ಬಾಗಿಲು ಕೆರೆಯತೊಡಗಿತು. ಅತ್ತೆ ಬಲಗೈಯಿಂದ ಬೀಸುವುದನ್ನು ನಿಲ್ಲಿಸದೆ, ಎಡಗೈಯಿಂದ ಅದನ್ನು ಎಳೆದು ಮಡಿಲಿಗೆ ಒತ್ತಿಕೊಂಡರು. ಅವರು ನಾಯಿಯನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಗಲೇ ದೀಪಕ್ಕೆ ಎಣ್ಣೆ ಸಾಲದೆಂದು ಅಪ್ಪ ಕದ ತೆರೆದರು.

ಅಪ್ಪ ನಕ್ಕರು ಎಂದು ನಾನು ಹೇಳುವುದುಂಟು. ತಂಗಿ, ಗದರಿದರು ಎನ್ನುತ್ತಾಳೆ. ದಿನಚರಿಯಲ್ಲಿ ನಗುವೂ ಇಲ್ಲ, ಗದರಿಕೆಯೂ ಇಲ್ಲ. ಅಪ್ಪ ಮೊದಲು ಅಕ್ಕನನ್ನು ನೋಡಿದರು, ಆಮೇಲೆ ಕೆಂಪು ಸೀರೆಯ ಮಡಿಲಿನಲ್ಲಿ ಮುಖ ಹುದುಗಿಸಿದ್ದ ನಾಯಿಯನ್ನು ನೋಡಿದರು. ಕಲ್ಲು ತಿರುಗುತ್ತಲೇ ಇತ್ತು.

“ನಡುಗ್ತಿದೆಯಲ್ಲ ಅಕ್ಕಯ್ಯ,” ಎಂದರು.

“ಓಡಿಲ್ವಲ್ಲಪ್ಪ,” ಎಂದರು ಅತ್ತೆ.

ಅಪ್ಪ ಎಣ್ಣೆ ತೆಗೆದುಕೊಳ್ಳದೆಯೇ ಕದ ಮುಂದೆ ಮಾಡಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಎದುರುಮನೆಯ ಯಜಮಾನರ ಜೊತೆ ಅವರು ಮಾತಾಡುವುದು ಕೇಳಿಸಿತು. ಆಮೇಲಿನ ಆನೆಪಟಾಕಿಗಳು ಬೀದಿಯ ಕೊನೆಯಲ್ಲಿ ಸಿಡಿದವು. ಹುಲ್ಲಿನ ಗಾಡಿಯವನು ಆ ವಾರ ಎಂದಿನಂತೆ ಬಂದು, ಹುಲ್ಲು ಇಳಿಸಿ, ಮಜ್ಜಿಗೆ ಕುಡಿದು ಹೋದ. ಅಪ್ಪ ನಾಯಿಯನ್ನು ಕಳಿಸುವ ಮಾತೆತ್ತಲಿಲ್ಲ. ನಾಯಿ ಜಗಲಿಯ ಮೇಲೆ ಮಲಗಿತ್ತು.

ಹಬ್ಬ ಮುಗಿದ ಮೇಲೆ ಅತ್ತೆ ಕೊಟ್ಟ ಕೊಬ್ಬರಿ ಮಿಠಾಯಿಯನ್ನು ಲಾಯದವರಿಗೆ ತಲುಪಿಸಲು ಹೋಗಿದ್ದೆ. ನಾಯಿಗೆ ಧೈರ್ಯವೇನೂ ಬರಲಿಲ್ಲ, ನಡುಗಿತು ಎಂದೆ. ಅವರು ಮಿಠಾಯಿಯ ಪೊಟ್ಟಣ ಬಿಚ್ಚುತ್ತ, ಪಕ್ಕದಲ್ಲಿ ಯಾರಿದ್ದರು ಎಂದಷ್ಟೇ ಕೇಳಿದರು. ನಮ್ಮತ್ತೆ ಎಂದೆ. ಹಾಗಾದರೆ ಸರಿ ಎಂದರು.

ನಾಯಿ ಇನ್ನೂ ಆರು ದೀಪಾವಳಿ ಕಂಡಿತು. ಪ್ರತಿ ವರ್ಷವೂ ನಡುಗಿತು, ಒಂದು ವರ್ಷವೂ ಓಡಲಿಲ್ಲ. ಮೂರನೆಯ ವರ್ಷ ಅತ್ತೆಗೆ ಭುಜದ ನೋವು ಬಂದು ಕೈ ಎತ್ತಲಾಗುತ್ತಿರಲಿಲ್ಲ. ನಾನು ಕಲ್ಲಿನ ಮುಂದೆ ಕೂತೆ. ಅಭ್ಯಾಸವಿಲ್ಲದ ಕೈ, ಕಾಳು ಸುತ್ತಲೂ ಚೆಲ್ಲಿತು, ಹಿಟ್ಟು ತರಿತರಿಯಾಯಿತು. ಅತ್ತೆ ಚಿಟಿಕೆ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ನಕ್ಕು, ಮತ್ತೆ ಕಲ್ಲಿಗೇ ಹಾಕಿದರು. “ಇನ್ನೊಂದ್ಸಲ ಬೀಸು. ಹೇಗೂ ಪಟಾಕಿ ಮುಗಿದಿಲ್ಲ,” ಎಂದರು. ನಾಯಿ ನಮ್ಮಿಬ್ಬರ ನಡುವೆ ಮಲಗಿತ್ತು. ನಾನು ಬೀಸುತ್ತ ಹೋದೆ.