ಎರಡು ಬೆರಳಿನ ಕ್ಲಚ್ಚು

ಕಳೆದ ಭಾನುವಾರ ಬೆಳಗ್ಗೆ ನಮ್ಮ ಕಾರ್ಖಾನೆಯ ಸೆಲ್ವಂ ಗಾಡಿ ನೋಡಲು ಬಂದಿದ್ದ. ನೋಡಲು ಎಂದರೆ ಕೊಳ್ಳಲು. ಹೊಸೂರಿನ ಅವಲಪಲ್ಲಿಯ ನಮ್ಮ ಮನೆಯ ಮುಂದೆ ತಗಡಿನ ಶೀಟಿನ ಕೆಳಗೆ ನಿಂತಿದ್ದ ಬೈಕಿನ ಮೇಲಿಂದ ಹಳೆಯ ಹೊದಿಕೆ ಸರಿಸಿದೆ. ಅವನು ಟೈರು ಒತ್ತಿದ, ಚೈನು ಅಲ್ಲಾಡಿಸಿದ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಕೊನೆಗೆ ಎಡಗೈಯಲ್ಲಿ ಕ್ಲಚ್ಚು ಹಿಡಿದವನು ಹಾಗೇ ನಿಂತ. ಮತ್ತೊಮ್ಮೆ ಹಿಡಿದ. ಆಮೇಲೆ ಎರಡೇ ಬೆರಳಲ್ಲಿ ಹಿಡಿದು ನೋಡಿದ.

"ಏನಣ್ಣಾ ಇದು, ಬೆಣ್ಣೆ ಇದ್ದಂಗೈತೆ! ಎರಡು ಬೆರಳು ಸಾಕು. ಏನ್ ಮಾಡ್ಬುಟ್ರಿ ಇದಕ್ಕೆ?"

ಲಿವರಿನ ಸಂದಿಯಿಂದ ಗ್ರೀಸಿನ ವಾಸನೆ ಬಂತು. "ಇರು, ಕಾಫಿ ತತ್ತೀನಿ" ಎಂದು ಒಳಗೆ ಹೋದೆ. ಹೋದವನು ಕಾಫಿಗೆ ನೀರೇನೂ ಇಡಲಿಲ್ಲ. ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆ ಕ್ಲಚ್ಚಿಗೆ ನಾನು ಏನು ಮಾಡಿದೆ ಎಂಬುದನ್ನು ಸೆಲ್ವಂಗೆ ಹೇಳುವುದು ನನ್ನಿಂದ ಆಗದ ಕೆಲಸ. ನಿಮಗೆ ಹೇಳುತ್ತೇನೆ. ದಿನಾ ಮುಖ ನೋಡಬೇಕಾದವರಿಗಿಂತ ನಿಮಗೆ ಹೇಳುವುದು ಸುಲಭ.

ನಾನು ಕಸುಬಿನಲ್ಲಿ ಫಿಟ್ಟರ್. ಮಾಲೂರು ಕಡೆಯಿಂದ ಹೊಸೂರಿಗೆ ಕೆಲಸ ಹುಡುಕಿಕೊಂಡು ಬಂದು ಇಲ್ಲೇ ಉಳಿದವನು. ಕಣ್ಣು ಕಟ್ಟಿ ಕೂರಿಸಿದರೂ ಇಂಜಿನ್ ಬಿಚ್ಚಿ ಜೋಡಿಸುತ್ತೇನೆ ಎಂದು ಕ್ಯಾಂಟೀನಿನಲ್ಲಿ ಜಂಬ ಕೊಚ್ಚುತ್ತಿದ್ದೆ. ಜಂಬದ ನಡುವೆ ಹೇಳದೆ ಉಳಿಸುತ್ತಿದ್ದ ವಿಷಯವೊಂದಿತ್ತು. ನನಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಕಾರ್ಖಾನೆಯ ಬಸ್ಸಿನಲ್ಲಿ ಹೋಗಿ ಕಾರ್ಖಾನೆಯ ಬಸ್ಸಿನಲ್ಲಿ ಬರುವವನಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ.

ಬೇರಿಕೆ ಹತ್ತಿರದ ಹಳ್ಳಿಯೊಂದಕ್ಕೆ ಹೆಣ್ಣು ನೋಡಲು ಹೋದಾಗ ನಮ್ಮಮ್ಮ ಪದ್ಧತಿಯಂತೆ ಹಾಡಿನ ವಿಷಯ ತೆಗೆದು, "ಉಡುಗೀಗೆ ಆಡು ಬತ್ತದಾ?" ಎಂದು ಕೇಳಿದಳು. ಹುಡುಗಿಯ ಅಪ್ಪ ಒಂಚೂರೂ ಸಂಕೋಚವಿಲ್ಲದೆ, "ಆಡು ಬರಾಕಿಲ್ಲ ಕಣಮ್ಮ, ಗಾಡಿ ಬತ್ತದೆ" ಎಂದರು. ರತ್ನ ಕಾಲೇಜಿಗೆ ಹೋಗುವ ಕಾಲದಿಂದಲೂ ಅಪ್ಪನ ಬೈಕಿಗೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹಾಕಿ ಬರುತ್ತಿದ್ದಳಂತೆ. ಅಮ್ಮನ ಮುಖ ಹುಳ್ಳಗಾಯಿತು. ನನಗೆ ಮಾತ್ರ ಅಲ್ಲೇ ಮನಸ್ಸು ನಿಂತಿತು.

ಮದುವೆಯಾದ ಮೇಲೆ ಇಬ್ಬರ ಸಂಬಳ ಸೇರಿಸಿ ಈ ಬೈಕು ತಂದೆವು. ನಾನು ಸ್ಕೂಟರ್ ಸಾಕು ಎಂದಿದ್ದೆ. "ಕ್ಲಚ್ಚಿಲ್ದಿರೋದು ಒಂದು ಗಾಡಿನೇನ್ರೀ? ಮಿಕ್ಸಿ ಮೇಲೆ ಕುಂತಂಗಿರ್ತದೆ" ಎಂದಳು. ಆಗಿನ್ನೂ ಮನೆಗಳೇಳದ ಲೇಔಟಿನಲ್ಲಿ ಅವಳು ಹಿಂದೆ ಕೂತು ನನಗೆ ಓಡಿಸಲು ಕಲಿಸಿದಳು. ಮೊದಲ ವಾರದಲ್ಲೇ ಮೂರು ಗಡಿಕಲ್ಲು ಬೀಳಿಸಿದೆ. ಇಂಜಿನ್ ಒಳಗೆ ಏನು ನಡೆಯುತ್ತದೆಂದು ಪೂರ್ತಿ ಗೊತ್ತಿದ್ದ ನಾನು ಕ್ಲಚ್ಚನ್ನು ಮಾತ್ರ ರಪ್ಪನೆ ಬಿಟ್ಟುಬಿಡುತ್ತಿದ್ದೆ. ಗಾಡಿ ಕುಪ್ಪಳಿಸಿ ನಿಂತುಹೋಗುತ್ತಿತ್ತು. "ಮೆತ್ತಗೆ ಬಿಡ್ಬೇಕು ಕಣ್ರೀ. ಮಲಗಿರೋ ಮಗೀನ ಕೈಯಿಂದ ಬೆರಳು ಬಿಡಿಸ್ಕೊಳ್ತೀವಲ್ಲ, ಅಂಗೆ" ಎನ್ನುತ್ತಿದ್ದಳು. ಆಗ ನಮಗೆ ಮಗು ಇರಲಿಲ್ಲ. ಕಾವ್ಯ ಹುಟ್ಟಿ, ಅವಳ ಮುಷ್ಟಿಯಿಂದ ಬೆರಳು ಬಿಡಿಸಿಕೊಳ್ಳುವಾಗ ಹೌದಲ್ಲ ಅನ್ನಿಸಿತು.

ಭಾನುವಾರ ನಮ್ಮದು. ಉಳಿದ ಆರು ದಿನ ನನ್ನ ಶಿಫ್ಟು, ಅವಳ ಶಿಫ್ಟು, ಕಾವ್ಯಳ ತಮಿಳು ಹೋಂವರ್ಕು, ಅಮ್ಮನ ಮಂಡಿನೋವಿನ ಎಣ್ಣೆ, ನೀರು ಬಿಡುವ ದಿನ ಡ್ರಮ್ಮು ತುಂಬಿಸುವುದು. ಭಾನುವಾರ ಆರು ಗಂಟೆಗೆ ಇಡ್ಲಿ ಹಿಟ್ಟಿನ ಪಾತ್ರೆ ಅಮ್ಮನ ವಶಕ್ಕೆ ಕೊಟ್ಟು ನಾವಿಬ್ಬರೂ ಹೊರಟೆವೆಂದರೆ ಬಾಗಲೂರು ದಾಟಿ ಬೇರಿಕೆಯವರೆಗೆ. ಎಲ್ಲರೂ ಬೆಟ್ಟ, ಜಲಪಾತ ಎಂದು ದೂರ ದೂರ ಹೋಗುತ್ತಾರೆ. ನಮಗೆ ಅದೇ ರಸ್ತೆ ಸಾಕಿತ್ತು. ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು, ಕೋಸಿನ ಹೊಲ, ಟೊಮೇಟೊ ಕ್ರೇಟು ಏರಿಸುವ ಟೆಂಪೊಗಳು. ಎಲ್ಲಿ ಹೊಂಡ ಬಿದ್ದಿದೆ, ಯಾವ ಮನೆಯ ನಾಯಿ ಅಟ್ಟಿಸಿಕೊಂಡು ಬರುತ್ತದೆ ಎಲ್ಲಾ ಬಾಯಿಪಾಠ.

ನಮ್ಮದೊಂದು ಕಾನೂನಿತ್ತು. ಹೋಗುವಾಗ ನಾನು, ಬರುವಾಗ ಅವಳು. ಬೇರಿಕೆಯ ಟೀ ಅಂಗಡಿಯ ಮುಂದೆ ಬೀಗದ ಕೈ ಬದಲಾಗುತ್ತಿತ್ತು. "ಇನ್ನಿಕ್ಕುಂ ಅಕ್ಕಾ ದಾನ್ ಡ್ರೈವರಾ?" ಎಂದು ತಮಿಳಿನಲ್ಲಿ, ಅಂದರೆ ಇವತ್ತೂ ಅಕ್ಕನೇ ಡ್ರೈವರಾ ಎಂದು, ಅಂಗಡಿಯವನು ಪ್ರತಿ ವಾರ ಹೊಸದಾಗಿ ನೋಡಿದವನಂತೆ ನಗುತ್ತಿದ್ದ. ಗಾಳಿಯಲ್ಲಿ ಮಾತು ಕೇಳಿಸದ ಕಾರಣ ಹಿಂದೆ ಕೂತವರು ಮುಂದಿನವರ ಹೆಗಲು ತಟ್ಟಬೇಕು. ಒಂದು ಸಲ ತಟ್ಟಿದರೆ ಹೂಂ, ನಡಿ. ಎರಡು ಸಲವಾದರೆ ಬೇಡ, ನಿಲ್ಲಿಸು. ಅಷ್ಟರಲ್ಲೇ ನಾವು ಅದೆಷ್ಟು ಮಾತಾಡಿದೆವೋ. ವಾಪಸ್ಸು ಬರುವಾಗ ಕೊತ್ತಂಬರಿ ಕಟ್ಟು, ಅವಳ ತವರಿನ ಮೊಸರಿನ ಕ್ಯಾರಿಯರ್ ನನ್ನ ತೊಡೆಯ ಮೇಲಿರುತ್ತಿತ್ತು. ಹೆಲ್ಮೆಟ್ಟಿನಲ್ಲಿ ಮಲ್ಲಿಗೆ ಅಪ್ಪಚ್ಚಿಯಾಗುತ್ತದೆಂದು ಅವಳ ಹೂವೂ ನನ್ನ ಜೇಬಿನಲ್ಲಿ. "ಎಂಡ್ತಿ ಹಿಂದೆ ಕುಂತ್ಕಂಡು ಊವ ಇಟ್ಕಂಡು ಬತ್ತೀಯಲ್ಲ, ನಾಚ್ಕೆ ಆಗಾಕಿಲ್ವೇನ್ಲಾ?" ಎಂದು ಅಮ್ಮ ಬಾಗಿಲಲ್ಲೇ ಶುರು ಮಾಡುತ್ತಿದ್ದಳು. ನನಗೆ ನಾಚಿಕೆ ಆಗುತ್ತಿರಲಿಲ್ಲ. ಇಡೀ ವಾರದಲ್ಲಿ ನಾನು ಯಾವ ಜವಾಬ್ದಾರಿಯೂ ಇಲ್ಲದೆ ಕೂರುತ್ತಿದ್ದುದು ಅಲ್ಲಿ ಮಾತ್ರ.

ಒಂದು ಭಾನುವಾರ ಮನೆಗೆ ಬಂದು ಇಳಿದವಳು, "ಕ್ಲಚ್ಚು ಯಾಕೋ ಗಟ್ಟಿ ಆಗೈತೆ ಕಣ್ರೀ" ಎಂದಳು.

ಫಿಟ್ಟರ್ ಗಂಡನಿಗೆ ಇದಕ್ಕಿಂತ ಸಂತೋಷದ ಮಾತುಂಟೇ? ಅಂದೇ ಕೇಬಲ್ಲಿಗೆ ಎಣ್ಣೆ ಬಿಟ್ಟೆ. ಎರಡು ವಾರದ ನಂತರ ಮತ್ತೆ ಅದೇ ಮಾತು. ಕೇಬಲ್ಲೇ ಬದಲಾಯಿಸಿದೆ, ಲಿವರಿಗೆ ಗ್ರೀಸು ತುಂಬಿದೆ. ಮುಂದಿನ ತಿಂಗಳು ಕಾರ್ಖಾನೆಯಲ್ಲಿ ಬಿಡುವು ಮಾಡಿಕೊಂಡು, ಇಂಜಿನ್ ಬದಿಯಲ್ಲಿ ಕೇಬಲ್ ಎಳೆಯುವ ತೋಳನ್ನು ಉದ್ದ ಮಾಡಿ ತಂದು ಹಾಕಿದೆ. ಕೊನೆಗೆ ಕ್ಲಚ್ಚಿನ ಸ್ಪ್ರಿಂಗುಗಳನ್ನೇ ತೆಗೆದು ಮೆತ್ತನೆಯವು ಕೂರಿಸಿದೆ. ಪ್ರತಿ ಸಲವೂ ನಾನೇ ಹಿಡಿದು ನೋಡಿ, ಹೆಮ್ಮೆಯಿಂದ ಅವಳನ್ನು ಕರೆಯುತ್ತಿದ್ದೆ. "ಈಗ ಎಂಗೈತೆ?" ಅವಳು ಹಿಡಿದು ನೋಡಿ, "ಪರವಾಗಿಲ್ಲ" ಎನ್ನುತ್ತಿದ್ದಳು. "ನಿನ್ನ ಕೈಗೆ ದ್ಯಾವ್ರೇ ಬಂದು ರಿಪೇರಿ ಮಾಡಿದ್ರೂ ಸಾಲ್ದು ಬಿಡು" ಎಂದು ನಾನು ನಗುತ್ತಿದ್ದೆ. ಸ್ಪ್ರಿಂಗು ಮೆತ್ತಗಾದ ಮೇಲೆ ಏರು ಬಂದಾಗ ಇಂಜಿನ್ ಬರೀ ಅರಚುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಚೆನ್ನಾಗಿದ್ದ ಗಾಡಿಯನ್ನು ಕೈಯಾರೆ ಕೆಡಿಸಿದೆ. ಇದೆಲ್ಲಾ ಎಂಟು ತಿಂಗಳು ನಡೆಯಿತು.

ಆ ಎಂಟು ತಿಂಗಳಲ್ಲಿ ನನ್ನ ಕಣ್ಣೆದುರೇ ಬೇರೆ ಏನೇನೋ ನಡೆದವು. ಅವಳ ಎಡಗೈಯಿಂದ ತಟ್ಟೆ ಜಾರಿ ಬಿತ್ತು. ಸೋಪು ಎಂದುಕೊಂಡೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಅವಳಿಂದ ತಿರುಗದೆ ಹೋದಾಗ, ನಾನೇ ಬಿಗಿಯಾಗಿ ಮುಚ್ಚಿದ್ದೇನೆ ಎಂದುಕೊಂಡೆ. ರವಿಕೆಯ ಹುಕ್ಕು ಹಾಕಲು ಕಾವ್ಯಳನ್ನು ಕರೆಯುತ್ತಿದ್ದಳು. ಮಗಳು ದೊಡ್ಡವಳಾದಳು, ಸಲಿಗೆ ಹೆಚ್ಚಾಯಿತು ಎಂದುಕೊಂಡೆ. ಯಂತ್ರದಲ್ಲಿ ಸಣ್ಣ ಸದ್ದು ಬದಲಾದರೂ ದೂರದಿಂದ ಹಿಡಿಯುವವನೆಂದು ಹೆಸರಾದ ಮನುಷ್ಯ ನಾನು.

ಕೊನೆಯ ಭಾನುವಾರ ಬೇರಿಕೆಯಲ್ಲಿ ಟೀ ಕುಡಿದು ಬೀಗದ ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ಇವತ್ತು ನೀವೇ ಓಡ್ಸಿ" ಎಂದಳು.

"ಕಾನೂನು ಅಂದ್ರೆ ಕಾನೂನು" ಎಂದೆ ನಾನು.

ಅವಳು ಬೀಗದ ಕೈ ತೆಗೆದುಕೊಂಡಳು. ಆಮೇಲೆ ಹೆಲ್ಮೆಟ್ಟು ಹಾಕಿಕೊಂಡಳು. ಗಲ್ಲದ ಕೆಳಗಿನ ಬಕಲ್ಲು ಸೇರಿಸಲು ಆಗಲಿಲ್ಲ. ನಾನೇ ಸೇರಿಸಿದೆ, ಅದಕ್ಕೂ ಒಂದು ತಮಾಷೆ ಮಾಡಿದೆ. ಬಾಗಲೂರಿಗೆ ಮುಂಚೆ ಗುಲಾಬಿ ಮನೆಗಳ ತಿರುವಿನಲ್ಲಿ ಎದುರಿಗೆ ದನ ಬಂದವು. ಅವಳು ಬ್ರೇಕು ಹಿಡಿದಳು, ಕ್ಲಚ್ಚು ಹಿಡಿಯಲಿಲ್ಲ. ಗಾಡಿ ಕುಪ್ಪಳಿಸಿ ರಸ್ತೆಯ ನಡುವೆ ನಿಂತಿತು. ಹಿಂದೆ ಬರುತ್ತಿದ್ದ ಲಾರಿ ನಮ್ಮನ್ನು ತಪ್ಪಿಸಿಕೊಂಡು ಒಂದು ಮೊಳ ದೂರದಲ್ಲಿ ಹಾದುಹೋಯಿತು. ಅದರ ಬಿಸಿಗಾಳಿ ಮುಖಕ್ಕೆ ಬಡಿಯಿತು.

ಗಾಡಿಯನ್ನು ಪಕ್ಕಕ್ಕೆ ತಳ್ಳಿದೆ. ನಾನು ಆಗಲೂ ಬಗ್ಗಿ ಕೇಬಲ್ಲು ನೋಡುತ್ತಿದ್ದೆ ಎಂದರೆ ನೀವು ನಂಬಬೇಕು. ಅವಳು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು.

"ಕ್ಲಚ್ಚಲ್ಲ ಕಣ್ರೀ. ಕೈಯಿ."

"ಯಾವಾಗಿಂದ?"

"ಮೊದ್ಲಿಂದ್ಲೂ."

"ನಂಗೆ ಏಳ್ಬಾರ್ದಾಗಿತ್ತಾ?"

"ನೀವು ಅಷ್ಟು ಆಸೆಯಿಂದ ರಿಪೇರಿ ಮಾಡ್ತಿದ್ರಲ್ಲ. ನಂಗೂ ಅದು ಕ್ಲಚ್ಚೇ ಆಗಿರ್ಲಿ ಅನ್ಸ್ತಿತ್ತು."

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಎಂದರು. ಹಿಂದಕ್ಕೆ ತರುವ ಔಷಧಿ ಇಲ್ಲ. ಎಂಟು ತಿಂಗಳು ಮುಂಚೆ ಬಂದಿದ್ದರೆ ಎಂದು ಕೇಳಿದೆ. ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಮೇಲೆ ಕರುಣೆಯಿಟ್ಟು ಹೇಳಿದರು. ನೆಂಟರೆಲ್ಲಾ ಈಗಲೂ ಅದೇ ಮಾತು ಹೇಳಿ ಸಮಾಧಾನ ಮಾಡುತ್ತಾರೆ. ಅವರಿಗೆ ನನ್ನ ಸಂಕಟ ಗೊತ್ತಿಲ್ಲ. ಔಷಧಿಯ ಮಾತಲ್ಲ ಇದು. ತನ್ನ ಕೈ ತನ್ನದಲ್ಲದಂತೆ ಆಗುತ್ತಿರುವುದನ್ನು ಅವಳು ಎಂಟು ತಿಂಗಳು ಒಬ್ಬಳೇ ನೋಡುತ್ತಿದ್ದಳು. ನಾನು ಪಕ್ಕದಲ್ಲೇ ಸ್ಪಾನರ್ ಹಿಡಿದು ಕೂತು ಸಿಳ್ಳೆ ಹಾಕುತ್ತಿದ್ದೆ.

ಈಗ ಮೂರು ವರ್ಷ. ಎಡಗೈ, ಬಲಗೈ, ಕಾಲು, ಆಮೇಲೆ ಮಾತು. ಬಲಗೈಯ ತೋರುಬೆರಳು ಮಾತ್ರ ಇನ್ನೂ ಅವಳ ಮಾತು ಕೇಳುತ್ತದೆ. ಒಂದು ಸಲ ತಟ್ಟಿದರೆ ಹೂಂ, ಎರಡು ಸಲವಾದರೆ ಬೇಡ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ಆ ರಸ್ತೆಯಿಂದಲೇ ಬಂದದ್ದು. ಸೊಸೆ ಗಾಡಿ ಓಡಿಸುತ್ತಾಳೆಂದು ಗೊಣಗುತ್ತಿದ್ದ ಅಮ್ಮ ಅವಳಿಗೆ ಗಂಜಿ ಕುಡಿಸುತ್ತಾಳೆ, ಸೆರಗಿನಲ್ಲಿ ಬಾಯಿ ಒರೆಸುತ್ತಾಳೆ. ಮುಂದೆ ಉಸಿರಿನ ಸರದಿ ಎಂದು ಹೋದ ಸಲ ಡಾಕ್ಟರು ಹೇಳಿದರು. ನನ್ನಲ್ಲಿ ಆಸೆ ಉಳಿದಿಲ್ಲ, ಇದೆ ಎಂದು ನಟಿಸುವ ಶಕ್ತಿಯೂ ಉಳಿದಿಲ್ಲ.

ಇಷ್ಟಾದರೂ ನಾನು ಕಲಿತೆನೇ? ಇಲ್ಲ. ದಿನಾ ಬೆಳಗ್ಗೆ ಅವಳ ಕುರ್ಚಿಯನ್ನು ಬಾಗಿಲ ಬಳಿ ತಂದು ಗಾಡಿ ಸ್ಟಾರ್ಟ್ ಮಾಡುತ್ತಿದ್ದೆ. ಸದ್ದು ಕೇಳಿದರೆ ಅವಳಿಗೆ ಖುಷಿ ಎಂದು ನಾನೇ ತೀರ್ಮಾನಿಸಿದ್ದೆ. ಹೋದ ತಿಂಗಳು ಕಾಲೇಜಿಗೆ ಹೊರಟಿದ್ದ ಕಾವ್ಯ ಬ್ಯಾಗು ನೆಲಕ್ಕೆ ಎಸೆದು ಕೂಗಿದಳು. "ಅಪ್ಪಾ, ಆಫ್ ಮಾಡಪ್ಪಾ! ಅಮ್ಮ ನಾಲ್ಕು ದಿನದಿಂದ ಎರಡೆರಡು ಸಲ ತಟ್ತಾನೇ ಐತೆ. ನೀನು ಇಂಜಿನ್ ನೋಡ್ಕಂಡು ನಿಂತಿರ್ತೀಯ, ಅಮ್ಮನ್ನ ನೋಡಾದೇ ಇಲ್ಲ." ಆಫ್ ಮಾಡಿದೆ. ಅವತ್ತೇ ಸೆಲ್ವಂಗೆ ಗಾಡಿ ಕೊಡುತ್ತೇನೆಂದು ಹೇಳಿದೆ. ರತ್ನಳನ್ನು ಕೇಳಿದಾಗ ಒಂದು ಸಲ ತಟ್ಟಿದ್ದಳು.

ಅಡುಗೆಮನೆಯಿಂದ ನಾನು ಆಚೆ ಬರುವ ಹೊತ್ತಿಗೆ ಸೆಲ್ವಂ ಗಾಡಿಯ ಮೇಲೆ ಕೂತಿದ್ದ. "ಅಣ್ಣಾ, ಒಂದು ರೌಂಡು ಓಡ್ಸಿ ನೋಡ್ತೀನಿ" ಎಂದ. ನಾನು ತಲೆಯಾಡಿಸಿದೆ. ಸದ್ದು ಲೇಔಟು ದಾಟಿ, ದೊಡ್ಡ ರಸ್ತೆ ಸೇರಿ, ಕಡಿಮೆಯಾಗುತ್ತಾ ಹೋಯಿತು. ರತ್ನ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು. ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಅವಳ ದಿಂಬು ಸರಿಮಾಡಲು ಕೈ ಚಾಚಿದೆ. ಕಾಲಿನ ಕೆಳಗಿನ ಹಲಗೆ ಸ್ವಲ್ಪ ಓರೆಯಾಗಿದೆ, ಸ್ಕ್ರೂ ಬಿಗಿ ಮಾಡಬೇಕು ಅನ್ನಿಸಿತು. ಮಾಡಲಿಲ್ಲ. ಅವಳ ಮುಂದೆ ನೆಲದ ಮೇಲೆ, ಅವಳಿಗೆ ಬೆನ್ನು ಕೊಟ್ಟು ಕೂತೆ. ಅವಳ ಬಲಗೈಯನ್ನು ಎತ್ತಿ ನನ್ನ ಹೆಗಲ ಮೇಲೆ ಇಟ್ಟುಕೊಂಡೆ. ಕೈಗೆ ತೂಕವೇ ಇರಲಿಲ್ಲ. ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತು ಎಷ್ಟೋ ಕಾಲವಾಗಿತ್ತು.

ಹೆಚ್ಚುಕಡಿಮೆ ನಾಲ್ಕು ವರ್ಷದ ಹಿಂದೆ ಮೊದಲ ಭಾನುವಾರವೇ ಕೇಳಬೇಕಾಗಿದ್ದನ್ನು ಆಗ ಕೇಳಿದೆ. "ರತ್ನಾ, ಭಯ ಆಯ್ತದಾ?"

ಹೆಗಲ ಮೇಲೆ ಬೆರಳು ಒಂದು ಸಲ ಎದ್ದು ಬಿತ್ತು. ಎರಡನೆಯದಕ್ಕಾಗಿ ಕಾದೆ. ಬರಲಿಲ್ಲ.

"ನಂಗೂ ಕಣೆ" ಎಂದೆ.

ಸೆಲ್ವಂ ವಾಪಸ್ಸು ಬಂದು ಗೇಟಿನ ಹತ್ತಿರ ಹಾರ್ನ್ ಮಾಡಿದ. "ಅಣ್ಣಾ, ಏರಲ್ಲಿ ಎಳೀತಿಲ್ಲ. ಸ್ಪ್ರಿಂಗು ಬದಲಾಯಿಸ್ಬೇಕು, ಅಷ್ಟೇ" ಎಂದು ಕೂಗಿದ. ಹಳೆಯ ಸ್ಪ್ರಿಂಗುಗಳು ಉಪ್ಪಿನಕಾಯಿ ಬಾಟಲಿಯೊಂದರಲ್ಲಿ ನನ್ನ ಹತ್ತಿರವೇ ಇವೆ. ಎದ್ದು ಹೋಗಿ ಕೊಡಬಹುದಿತ್ತು. ನಾನು ಏಳಲಿಲ್ಲ.