ಅತ್ತಿಬಳ್ಳಿ ಹಬ್ಬಿದ ಗೋಡೆ

ಗಾಳಿ ಇರಲಿಲ್ಲ, ಆದರೂ ಹಿತ್ತಲ ಗೋಡೆಗೆ ಹಬ್ಬಿದ ಬಳ್ಳಿಯ ಎಲೆಗಳು ಅಲುಗಿದವು. ಲಕ್ಷ್ಮೇಶ್ವರದ ನಮ್ಮ ಮನೆಯ ಆ ಬಳ್ಳಿ ದೇವರ ಮರವೆನ್ನುವ ಅತ್ತಿಯ ಜಾತಿಯದೆಂದು ತಿಳಿದಾಗಿನಿಂದ ಅವ್ವ ಅದನ್ನು ಕತ್ತರಿಸಲು ಬಿಟ್ಟಿರಲಿಲ್ಲ. ದಿನಾ ಬುಡಕ್ಕೆ ಕುಂಕುಮ ಹಚ್ಚಿ ಆರತಿ ಬೆಳಗುತ್ತಿದ್ದಳು. ಈಗಲೂ ಅಲ್ಲೇ ಕುಳಿತಿದ್ದಳು. ಅವಳ ತಲೆಯ ಮೇಲೆ ಮಣ್ಣು ಉದುರಿತು. ಬೇರು ಹೊಕ್ಕ ಗೋಡೆ ಉಬ್ಬಿ ಅವಳತ್ತ ವಾಲುತ್ತಿತ್ತು.

“ಅವ್ವಾ, ಜಲ್ದಿ ಏಳು!”

“ಸುಮ್ನಿರ ಹುಚ್ಚಿ, ಆರತಿ ಅರ್ಧಕ್ಕ ಬಿಟ್ಟು ಏಳಬಾರ್ದು.”

ತೋಳು ಹಿಡಿದು ಎಳೆದೆ. ಕಲ್ಲುಗಳು ಬಳ್ಳಿಯ ಬಲೆಯಲ್ಲಿ ಒಂದು ಕ್ಷಣ ತೂಗಿ, ಆರತಿ ತಟ್ಟೆಯ ಮೇಲೆ ಕುಸಿದವು.

ಕಲ್ಲು ತಡೆದು ಬಳ್ಳಿಯೇ ಜೀವ ಉಳಿಸಿತು ಎನ್ನುತ್ತಾಳೆ ಅವ್ವ. ಗೋಡೆ ಸೀಳಿದ್ದೂ ಅದೇ ಎಂದು ನಾನು ಹೇಳಿಲ್ಲ. ಅವಳು ಕಣ್ಣು ಮುಚ್ಚಿ ಆ ಬಳ್ಳಿಗೆ ಕೈಮುಗಿದಾಗ ಮಾತ್ರ ನಾನು ಕಣ್ಣು ತೆರೆದೇ ಇರುತ್ತೇನೆ.